‘ಡಿಎನ್‌ಎ ಹೊಂದಿಕೆಯಾಗಿದೆ’ ಎಂದರೆ ಸಾಕೇ? ಎಷ್ಟು ಡಿಎನ್‌ಎ ಇತ್ತು ಎಂದು ಕೋರ್ಟ್ ಕೇಳಬೇಕಾದ ಹೊತ್ತು

ಅತ್ಯಾಚಾರ, ಕೊಲೆ ಪ್ರಕರಣದ ಸುದ್ದಿಯಲ್ಲಿ ‘ಆರೋಪಿಯ ಡಿಎನ್‌ಎ ಹೊಂದಿಕೆಯಾಗಿದೆ’ ಎಂಬ ಸಾಲು ಬಂತೆಂದರೆ ಅಲ್ಲಿಗೆ ಚರ್ಚೆ ಮುಗಿಯಿತು ಎಂದೇ ಜನ ಭಾವಿಸುತ್ತಾರೆ. ಕಣ್ಣಾರೆ ಕಂಡ ಸಾಕ್ಷಿ ಸುಳ್ಳು ಹೇಳಬಹುದು, ಡಿಎನ್‌ಎ ಹೇಳುವುದಿಲ್ಲ ಎಂಬ ನಂಬಿಕೆ ಪೊಲೀಸ್ ಠಾಣೆಯಿಂದ ಟಿವಿ ಸ್ಟುಡಿಯೊವರೆಗೆ ಬೇರೂರಿದೆ. ಆದರೆ ಮೂರು ವರ್ಷದೊಳಗೆ ದೆಹಲಿ, ಮಹಾರಾಷ್ಟ್ರ ಮತ್ತು ತಮಿಳುನಾಡಿನ ಮೂರು ಗಲ್ಲು ಶಿಕ್ಷೆ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟ್ ಇದೇ ಡಿಎನ್‌ಎ ವರದಿಗಳನ್ನು ಬದಿಗಿಟ್ಟು ಅಪರಾಧಿಗಳೆಂದು ಘೋಷಿತರಾದವರನ್ನು ಬಿಡುಗಡೆ ಮಾಡಿದೆ.

ವಿಜ್ಞಾನ ತಪ್ಪು ಎಂದು ಕೋರ್ಟ್ ಹೇಳಲಿಲ್ಲ. ಪ್ರಯೋಗಾಲಯಕ್ಕೆ ತಲುಪಿದ ವಸ್ತು ನಂಬಿಕೆಗೆ ಅರ್ಹವಾಗಿತ್ತೇ ಎಂಬುದು ಅದರ ಪ್ರಶ್ನೆಯಾಗಿತ್ತು. ಆ ಪ್ರಶ್ನೆಯ ಉತ್ತರಾರ್ಧ ಇನ್ನೂ ಭಾರತದ ಕೋರ್ಟುಗಳಲ್ಲಿ ಗಟ್ಟಿಯಾಗಿ ಕೇಳಿಬಂದಿಲ್ಲ. ಸ್ಯಾಂಪಲ್‌ನಲ್ಲಿ ಎಷ್ಟು ಡಿಎನ್‌ಎ ಇತ್ತು? ಅದರಲ್ಲಿ ಮನುಷ್ಯನದು ಎಷ್ಟು? ಅದು ಇಡಿಯಾಗಿತ್ತೋ, ಚೂರುಚೂರಾಗಿತ್ತೋ? ಇದನ್ನು ಅಳೆಯುವ ವಿಧಾನಗಳಿವೆ. ಅಳತೆಯ ಅಂಕಿ ವರದಿಯಲ್ಲಿ ಇರಬೇಕೆಂಬ ಕಾನೂನು ಮಾತ್ರ ಇಲ್ಲ.

ಮೂರು ತೀರ್ಪು, ಒಂದೇ ಲೋಪ

ಮೊದಲನೆಯದು ದೆಹಲಿಯ ಛಾವ್ಲಾ ಪ್ರಕರಣ. 2012ರ ಫೆಬ್ರುವರಿಯಲ್ಲಿ 19 ವರ್ಷದ ಯುವತಿಯನ್ನು ಅಪಹರಿಸಿ, ಅತ್ಯಾಚಾರ ಎಸಗಿ ಕೊಲ್ಲಲಾಯಿತು. ವಿಚಾರಣಾ ಕೋರ್ಟ್ ಮೂವರಿಗೆ ಗಲ್ಲು ವಿಧಿಸಿತು, ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2022ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಮೂವರನ್ನೂ ಖುಲಾಸೆಗೊಳಿಸಿತು. ಫೆಬ್ರುವರಿ 14 ಮತ್ತು 16ರಂದು ಸಂಗ್ರಹಿಸಿದ ಸ್ಯಾಂಪಲ್‌ಗಳು 27ರವರೆಗೆ ಠಾಣೆಯ ಮಾಲ್‌ಖಾನೆಯಲ್ಲೇ ಉಳಿದಿದ್ದವು. ವರದಿಯ ತೀರ್ಮಾನಕ್ಕೆ ಆಧಾರವೇನು, ತಜ್ಞರು ಬಳಸಿದ ವಿಧಾನ ಸರಿಯಾಗಿ ಜಾರಿಯಾಗಿತ್ತೇ ಎಂಬುದನ್ನು ಕೆಳಗಿನ ಎರಡೂ ಕೋರ್ಟುಗಳು ಪರಿಶೀಲಿಸಿರಲಿಲ್ಲ ಎಂದು ಪೀಠ ಹೇಳಿತು. ಮರುಪರಿಶೀಲನಾ ಅರ್ಜಿಗಳೂ 2023ರಲ್ಲಿ ವಜಾಗೊಂಡವು.

ಎರಡನೆಯದು ಮಹಾರಾಷ್ಟ್ರದ ಠಾಣೆ ಜಿಲ್ಲೆಯದು. 2010ರಲ್ಲಿ ಆರು ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ಎಸಗಿ ಕೊಂದ ಪ್ರಕರಣದಲ್ಲಿ ಗಲ್ಲಿಗೆ ಗುರಿಯಾಗಿದ್ದ ವ್ಯಕ್ತಿಯನ್ನು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಸ್ಯಾಂಪಲ್ ರವಾನೆಯಲ್ಲಿ ಆದ ವಿಳಂಬಕ್ಕೆ ವಿವರಣೆಯೇ ಇಲ್ಲ, ಕಲಬೆರಕೆಯ ಸಾಧ್ಯತೆ ತಳ್ಳಿಹಾಕಲಾಗದು ಎಂಬುದು ಅಲ್ಲಿಯ ಮುಖ್ಯ ಅಂಶಗಳಲ್ಲಿ ಒಂದು.

ಮೂರನೆಯದು ತಮಿಳುನಾಡಿನ ಥೇಣಿ ಜಿಲ್ಲೆಯ ಸುರುಳಿ ಜಲಪಾತದ ಬಳಿ 2011ರಲ್ಲಿ ನಡೆದ ಜೋಡಿ ಕೊಲೆ. 2025ರ ಜುಲೈ 15ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್, ಸಂಜಯ್ ಕರೋಲ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಗಲ್ಲು ಶಿಕ್ಷೆಯನ್ನು ರದ್ದುಪಡಿಸಿ ಆರೋಪಿಯನ್ನು ಖುಲಾಸೆ ಮಾಡಿತು. ಅಷ್ಟಕ್ಕೇ ನಿಲ್ಲದೆ ದೇಶಕ್ಕೆಲ್ಲ ಅನ್ವಯವಾಗುವ ನಿರ್ದೇಶನಗಳನ್ನೂ ಕೊಟ್ಟಿತು.

ನಿರ್ದೇಶನಗಳ ಸಾರ ಹೀಗಿದೆ:

- ಸ್ಯಾಂಪಲ್ ಸಂಗ್ರಹದ ದಾಖಲೆಯಲ್ಲಿ ವೈದ್ಯರು, ತನಿಖಾಧಿಕಾರಿ ಮತ್ತು ಸ್ವತಂತ್ರ ಸಾಕ್ಷಿಗಳ ಸಹಿ, ಹುದ್ದೆ ಇರಬೇಕು. ಪೊಟ್ಟಣದ ಮೇಲೆ ಎಫ್‌ಐಆರ್ ಸಂಖ್ಯೆ, ಕಲಂ, ಠಾಣೆಯ ವಿವರ ಬರೆದಿರಬೇಕು.
- ಸಂಗ್ರಹಿಸಿದ 48 ಗಂಟೆಯೊಳಗೆ ಸ್ಯಾಂಪಲ್ ವಿಧಿವಿಜ್ಞಾನ ಪ್ರಯೋಗಾಲಯ ತಲುಪಬೇಕು. ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು.
- ವಿಚಾರಣೆ, ಮೇಲ್ಮನವಿ ಬಾಕಿ ಇರುವಾಗ ವಿಚಾರಣಾ ಕೋರ್ಟಿನ ಅನುಮತಿ ಇಲ್ಲದೆ ಪೊಟ್ಟಣ ತೆರೆಯುವಂತಿಲ್ಲ, ಮತ್ತೆ ಸೀಲ್ ಹಾಕುವಂತಿಲ್ಲ.
- ಸಂಗ್ರಹದಿಂದ ಅಂತಿಮ ತೀರ್ಪಿನವರೆಗೆ ಸ್ಯಾಂಪಲ್ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ರಿಜಿಸ್ಟರ್ ಇಡಬೇಕು.

ಇವು ಬೇಕಾಗಿದ್ದ ನಿಯಮಗಳೇ. ಆದರೆ ಗಮನಿಸಿ ನೋಡಿದರೆ ಇವೆಲ್ಲ ಸ್ಯಾಂಪಲ್ ಲ್ಯಾಬಿನ ಬಾಗಿಲು ತಲುಪುವವರೆಗಿನ ಮಾತು, ಇಲ್ಲವೇ ಪೊಟ್ಟಣದ ಸೀಲಿನ ಮಾತು. ಬಾಗಿಲು ದಾಟಿದ ಮೇಲೆ ಒಳಗೆ ಏನು ಅಳೆದರು, ಎಷ್ಟು ಸಿಕ್ಕಿತು ಎಂಬ ಪ್ರಶ್ನೆಯನ್ನು ಈ ನಾಲ್ಕು ನಿರ್ದೇಶನಗಳು ಮುಟ್ಟುವುದಿಲ್ಲ.

ಮೊದಲು ಅಳತೆ, ಆಮೇಲೆ ಹೋಲಿಕೆ

ಮನುಷ್ಯನ ಒಂದು ಜೀವಕೋಶದಲ್ಲಿ ಸುಮಾರು 6.6 ಪಿಕೋಗ್ರಾಂ ಡಿಎನ್‌ಎ ಇರುತ್ತದೆ. ಅಪರಾಧ ತನಿಖೆಯಲ್ಲಿ ಬಳಸುವ ಎಸ್‌ಟಿಆರ್ ಪರೀಕ್ಷೆಗೆ ಸಾಮಾನ್ಯವಾಗಿ ಅರ್ಧದಿಂದ ಒಂದು ನ್ಯಾನೋಗ್ರಾಂ ಡಿಎನ್‌ಎ ಬೇಕು. ನ್ಯಾನೋಗ್ರಾಂ ಎಂದರೆ ಒಂದು ಗ್ರಾಂನ ನೂರು ಕೋಟಿಯ ಒಂದು ಪಾಲು. ಲೆಕ್ಕ ಹಾಕಿದರೆ ಒಂದು ನ್ಯಾನೋಗ್ರಾಂ ಅಂದರೆ ಸುಮಾರು 150 ಜೀವಕೋಶಗಳ ಡಿಎನ್‌ಎ. ಕಣ್ಣಿಗೆ ಕಾಣುವ ರಕ್ತದ ಕಲೆಯಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ಚಾಕುವಿನ ಹಿಡಿ, ಬಾಗಿಲ ಚಿಲಕ, ಕಾರಿನ ಸ್ಟೀರಿಂಗ್ ಮುಟ್ಟಿದಾಗ ಉಳಿಯುವ ಚರ್ಮದ ಕಣಗಳಲ್ಲಿ ಎಷ್ಟೋ ಸಲ ಸಿಗುವುದೇ ಇಲ್ಲ.

ಆದ್ದರಿಂದ ಬಟ್ಟೆಯಿಂದಲೋ ಹತ್ತಿಯ ಸ್ವಾಬ್‌ನಿಂದಲೋ ಡಿಎನ್‌ಎ ಹೊರತೆಗೆದ ಕೂಡಲೇ ಲ್ಯಾಬ್ ಮಾಡಬೇಕಾದ ಮೊದಲ ಕೆಲಸ ಅಳತೆ. ಇದಕ್ಕೆ ನಾಲ್ಕು ಮುಖ್ಯ ವಿಧಾನಗಳಿವೆ. ಪ್ರತಿಯೊಂದೂ ಹೇಳುವುದು ಬೇರೆ ಬೇರೆ.

ಅತಿ ಸರಳವಾದದ್ದು ನೇರಳಾತೀತ ಬೆಳಕಿನ ವಿಧಾನ. ಡಿಎನ್‌ಎ ಮತ್ತು ಆರ್‌ಎನ್‌ಎ ಎರಡೂ 260 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರಿಕೊಳ್ಳುತ್ತವೆ, ಪ್ರೋಟೀನ್ 280ರಲ್ಲಿ ಹೆಚ್ಚು ಹೀರುತ್ತದೆ. ಎರಡು ಅಂಕಿಗಳ ಅನುಪಾತ ಸುಮಾರು 1.8 ಇದ್ದರೆ ಡಿಎನ್‌ಎ ಸಾಕಷ್ಟು ಶುದ್ಧ, ಆರ್‌ಎನ್‌ಎ ಆದರೆ ಸುಮಾರು 2 ಇರಬೇಕು. ಒಂದೆರಡು ಮೈಕ್ರೋಲೀಟರ್ ಹನಿ ಸಾಕು, ಕ್ಷಣದಲ್ಲಿ ಉತ್ತರ. ಬಹುತೇಕ ಎಲ್ಲ ಜೀವವಿಜ್ಞಾನ ಲ್ಯಾಬ್‌ಗಳಲ್ಲೂ ಈ ಯಂತ್ರ ಇರುತ್ತದೆ. ಆದರೆ ಅದಕ್ಕೆ ಮನುಷ್ಯನ ಡಿಎನ್‌ಎ, ಬ್ಯಾಕ್ಟೀರಿಯಾದ ಡಿಎನ್‌ಎ ಎಂಬ ಭೇದ ಗೊತ್ತಿಲ್ಲ. ಮುರಿದ ತುಂಡನ್ನೂ ಇಡಿಯಾದ ಎಳೆಯನ್ನೂ ಒಂದೇ ಎಂದು ಎಣಿಸುತ್ತದೆ. ಐದು ದಿನ ಬಯಲಲ್ಲಿ ಬಿದ್ದಿದ್ದ ದೇಹದಿಂದ ತೆಗೆದ ಸ್ಯಾಂಪಲ್‌ನಲ್ಲಿ ಅದು ದೊಡ್ಡ ಅಂಕಿಯನ್ನೇ ತೋರಿಸಬಹುದು. ಅದರಲ್ಲಿ ಬಹುಪಾಲು ಕೊಳೆಯಿಸುವ ಸೂಕ್ಷ್ಮಜೀವಿಗಳದ್ದೇ ಆಗಿರಬಹುದು.

ಎರಡನೆಯದು ಹೊಳೆಯುವ ಬಣ್ಣದ ವಿಧಾನ. ಜೋಡಿ ಎಳೆಯ ಡಿಎನ್‌ಎಗೆ ಅಂಟಿದಾಗ ಮಾತ್ರ ಹೊಳೆಯುವ ರಾಸಾಯನಿಕ ಬೆರೆಸಿ, ಹೊಳಪನ್ನು ಅಳೆಯುತ್ತಾರೆ. ಇದು ಮೊದಲನೆಯದಕ್ಕಿಂತ ಬಹಳ ಸೂಕ್ಷ್ಮ, ಆದರೆ ಡಿಎನ್‌ಎ ಯಾರದು ಎಂಬುದು ಇದಕ್ಕೂ ತಿಳಿಯದು. ಮೂರನೆಯದು ಜೆಲ್ ವಿಧಾನ. ವಿದ್ಯುತ್ ಹರಿಸಿದಾಗ ಇಡಿಯಾದ ಡಿಎನ್‌ಎ ಜೆಲ್‌ನ ಮೇಲ್ಭಾಗದಲ್ಲಿ ಒಂದು ಗೆರೆಯಾಗಿ ನಿಲ್ಲುತ್ತದೆ, ಚೂರಾದದ್ದು ಉದ್ದಕ್ಕೂ ಮಸಿ ಬಳಿದಂತೆ ಹರಡುತ್ತದೆ. ಗುಣಮಟ್ಟ ಕಣ್ಣಿಗೇ ಕಾಣುತ್ತದೆ, ಆದರೆ ಇದಕ್ಕೆ ಬೇಕಾಗುವಷ್ಟು ಡಿಎನ್‌ಎ ಅಪರಾಧ ಸ್ಥಳದ ಸ್ಯಾಂಪಲ್‌ಗಳಲ್ಲಿ ಇರುವುದು ಅಪರೂಪ.

ಈ ಕಾರಣಕ್ಕೇ ವಿಧಿವಿಜ್ಞಾನದಲ್ಲಿ ನಾಲ್ಕನೆಯ ವಿಧಾನವಾದ ರಿಯಲ್ ಟೈಮ್ ಪಿಸಿಆರ್ ಮುಖ್ಯವಾಗುತ್ತದೆ. ಹೆಸರು ಹೊಸದಲ್ಲ. ಕೋವಿಡ್ ಕಾಲದಲ್ಲಿ ಮೂಗಿನ ಸ್ವಾಬ್ ಕೊಟ್ಟು ‘ಸಿಟಿ ವ್ಯಾಲ್ಯೂ’ ಎಷ್ಟು ಬಂತು ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚಿಕೊಂಡವರೆಲ್ಲರಿಗೂ ಇದರ ಪರಿಚಯ ಇದೆ.

ಕೋವಿಡ್ ಕಲಿಸಿದ ಪಾಠ

ಪಿಸಿಆರ್‌ನ ಪ್ರತಿ ಸುತ್ತಿನಲ್ಲಿ ಗುರಿಯ ತುಣುಕು ದುಪ್ಪಟ್ಟಾಗುತ್ತದೆ. ಯಂತ್ರದ ಕಣ್ಣಿಗೆ ಬೀಳಲು ಎಷ್ಟು ಸುತ್ತು ಬೇಕಾಯಿತು ಎಂಬುದೇ ಸಿಟಿ ಅಂಕಿ. ಆರಂಭದಲ್ಲಿ ವಸ್ತು ಹೆಚ್ಚಿದ್ದರೆ ಸುತ್ತು ಕಡಿಮೆ. 3.3 ಸುತ್ತಿನ ವ್ಯತ್ಯಾಸ ಎಂದರೆ ಸುಮಾರು ಹತ್ತು ಪಟ್ಟು ವ್ಯತ್ಯಾಸ. 2021ರಲ್ಲಿ ಮಹಾರಾಷ್ಟ್ರ ಸರ್ಕಾರ ಪಾಸಿಟಿವ್ ಎನ್ನಲು ಮಿತಿಯನ್ನು 24ಕ್ಕೆ ಇಳಿಸಬಹುದೇ ಎಂದು ಕೇಳಿದಾಗ ಐಸಿಎಂಆರ್ ಒಪ್ಪಲಿಲ್ಲ, ಮಿತಿ 35 ಎಂದಿತು. ಮಿತಿ ಇಳಿಸಿದರೆ ಸೋಂಕಿತರು ಕೈತಪ್ಪಿ ಹೋಗುತ್ತಾರೆ ಎಂಬುದು ಕಾರಣ. ಒಂದು ಅಂಕಿಯ ಗೆರೆ ಎಲ್ಲಿ ಎಳೆಯುತ್ತೀರಿ ಎಂಬುದರ ಮೇಲೆ ಜನರ ಹಣೆಬರಹ ಬದಲಾಗುತ್ತದೆ ಎಂದು ದೇಶಕ್ಕೆ ಆಗ ಅರ್ಥವಾಯಿತು.

ಆ ಪರೀಕ್ಷೆಯಲ್ಲಿ ಇನ್ನೊಂದು ಜಾಣ್ಮೆಯೂ ಇತ್ತು. ವೈರಸ್ ಜೊತೆಗೆ ಮನುಷ್ಯನದೇ ಒಂದು ಜೀನ್ ಅನ್ನೂ ಹುಡುಕುತ್ತಿದ್ದರು. ಅದೂ ಸಿಗದಿದ್ದರೆ ‘ನೆಗೆಟಿವ್’ ಎನ್ನುವಂತಿಲ್ಲ, ಸ್ವಾಬ್ ಸರಿಯಾಗಿ ತೆಗೆದಿಲ್ಲ ಅಥವಾ ಆರ್‌ಎನ್‌ಎ ಹಾಳಾಗಿದೆ ಎಂದರ್ಥ. ಆರ್‌ಎನ್‌ಎ ಡಿಎನ್‌ಎಗಿಂತ ಬಲು ಸೂಕ್ಷ್ಮ. ಅದನ್ನು ಕತ್ತರಿಸುವ ಕಿಣ್ವಗಳು ಮನುಷ್ಯರ ಚರ್ಮದ ಮೇಲೂ ಇರುತ್ತವೆ. ಅದಕ್ಕಾಗಿಯೇ ಸ್ಯಾಂಪಲ್‌ಗಳನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ಸಾಗಿಸಲಾಯಿತು. ಆರ್‌ಎನ್‌ಎ ಎಷ್ಟು ಇಡಿಯಾಗಿದೆ ಎಂದು ಹೇಳಲು ಸಂಶೋಧನಾ ಲ್ಯಾಬ್‌ಗಳಲ್ಲಿ 1ರಿಂದ 10ರವರೆಗಿನ ‘ರಿನ್’ ಎಂಬ ಅಂಕಪಟ್ಟಿಯೇ ಇದೆ. 10 ಎಂದರೆ ಪೂರ್ತಿ ಇಡಿ, 1 ಎಂದರೆ ಪೂರ್ತಿ ಚೂರು.

ಅಪರಾಧ ತನಿಖೆಯ ಪಿಸಿಆರ್ ಅಳತೆಯೂ ಇದೇ ತತ್ವದ್ದು. ಮನುಷ್ಯ ಮತ್ತು ಆತನ ಹತ್ತಿರದ ವಾನರ ಬಂಧುಗಳಲ್ಲಿ ಬಿಟ್ಟರೆ ಬೇರೆಡೆ ಸಿಗದ ತುಣುಕುಗಳನ್ನಷ್ಟೇ ಅದು ಎಣಿಸುತ್ತದೆ. ಹಾಗಾಗಿ ಬ್ಯಾಕ್ಟೀರಿಯಾದ ಲೆಕ್ಕ ಇದರಲ್ಲಿ ಸೇರುವುದಿಲ್ಲ. ಇಂದಿನ ಕಿಟ್‌ಗಳು ಒಂದೇ ಬಾರಿಗೆ ನಾಲ್ಕು ಉತ್ತರ ಕೊಡುತ್ತವೆ. ಮನುಷ್ಯನ ಒಟ್ಟು ಡಿಎನ್‌ಎ ಎಷ್ಟು? ಅದರಲ್ಲಿ ಪುರುಷನದು ಎಷ್ಟು? ಡಿಎನ್‌ಎ ಎಷ್ಟು ಚೂರಾಗಿದೆ? ಪರೀಕ್ಷೆಗೆ ಅಡ್ಡಿಪಡಿಸುವ ವಸ್ತು ಏನಾದರೂ ಇದೆಯೇ?

ಚೂರಾಗಿರುವುದನ್ನು ಕಂಡುಹಿಡಿಯುವ ಉಪಾಯ ಸರಳ. ಒಂದು ಗಿಡ್ಡ ತುಣುಕು, ಒಂದು ಉದ್ದ ತುಣುಕು ಎರಡನ್ನೂ ಎಣಿಸುತ್ತಾರೆ. ಬಳಕೆಯಲ್ಲಿರುವ ಒಂದು ಕಿಟ್‌ನಲ್ಲಿ ಗಿಡ್ಡದ್ದು 80 ಅಕ್ಷರ, ಉದ್ದದ್ದು 214 ಅಕ್ಷರ. ಡಿಎನ್‌ಎ ಇಡಿಯಾಗಿದ್ದರೆ ಎರಡೂ ಸಮ ಬರುತ್ತವೆ, ಅನುಪಾತ ಸುಮಾರು 1. ಹಳೆಯ ಹಗ್ಗದಂತೆ ಅಲ್ಲಲ್ಲಿ ತುಂಡಾಗಿದ್ದರೆ ಉದ್ದದ್ದು ಮೊದಲು ಮಾಯವಾಗುತ್ತದೆ, ಅನುಪಾತ ಏರುತ್ತದೆ. ಅದು 10 ದಾಟಿದರೆ ಪೂರ್ಣ ಪ್ರೊಫೈಲ್ ಸಿಗುವ ಆಸೆ ಕಡಿಮೆ. ಅಡ್ಡಿಪಡಿಸುವ ವಸ್ತುಗಳೆಂದರೆ ಮಣ್ಣಿನಲ್ಲಿರುವ ಹ್ಯೂಮಿಕ್ ಆಮ್ಲ, ರಕ್ತದ ಹೀಮ್, ಜೀನ್ಸ್ ಬಟ್ಟೆಯ ನೀಲಿ ಬಣ್ಣ ಇತ್ಯಾದಿ. ಡಿಎನ್‌ಎ ಇದ್ದರೂ ಇವು ಪಿಸಿಆರ್ ನಡೆಯಲು ಬಿಡುವುದಿಲ್ಲ. ಅಳತೆ ಮಾಡದ ಲ್ಯಾಬ್ ಅಂಥ ಸ್ಯಾಂಪಲ್‌ಗೆ ‘ಡಿಎನ್‌ಎ ಪತ್ತೆಯಾಗಿಲ್ಲ’ ಎಂದು ಬರೆದು ಕೈತೊಳೆದುಕೊಳ್ಳಬಹುದು.

ಕಡಿಮೆ ಡಿಎನ್‌ಎ ಇದ್ದರೆ ಆಗುವ ಅನಾಹುತ

ಪ್ರತಿ ಎಸ್‌ಟಿಆರ್ ಸ್ಥಾನದಲ್ಲೂ ಒಬ್ಬ ವ್ಯಕ್ತಿಗೆ ತಂದೆಯಿಂದ ಒಂದು, ತಾಯಿಯಿಂದ ಒಂದು ಅಂಕಿ ಬಂದಿರುತ್ತದೆ. ಉದಾಹರಣೆಗೆ 12 ಮತ್ತು 15. ಡಿಎನ್‌ಎ ಸಾಕಷ್ಟಿದ್ದಾಗ ಎರಡೂ ಸಮನಾದ ಶಿಖರಗಳಾಗಿ ಕಾಣುತ್ತವೆ. ಹತ್ತು-ಹದಿನೈದು ಜೀವಕೋಶದಷ್ಟೇ ಡಿಎನ್‌ಎ ಇದ್ದಾಗ ಅದೃಷ್ಟದ ಆಟ ಶುರುವಾಗುತ್ತದೆ. 12 ಮಾಯವಾಗಿ 15 ಮಾತ್ರ ಉಳಿಯಬಹುದು. ಲ್ಯಾಬಿನ ಗಾಳಿಯಲ್ಲಿದ್ದ ಯಾರದೋ ಒಂದು ತುಣುಕು ಹೊಸ ಶಿಖರವಾಗಿ ಎದ್ದು ನಿಲ್ಲಬಹುದು. ಒಂದೇ ಸ್ಯಾಂಪಲ್ ಅನ್ನು ಎರಡು ಬಾರಿ ಪರೀಕ್ಷಿಸಿದರೆ ಎರಡು ಉತ್ತರ ಬರಬಹುದು. ಇಬ್ಬರು ಮೂವರ ಡಿಎನ್‌ಎ ಬೆರೆತಿದ್ದರಂತೂ ಯಾರನ್ನು ಬೇಕಾದರೂ ಸೇರಿಸಿಕೊಳ್ಳುವಷ್ಟು ಚಿತ್ರ ಅಸ್ಪಷ್ಟವಾಗುತ್ತದೆ.

ಅತ್ಯಾಚಾರ ಪ್ರಕರಣಗಳಲ್ಲಿ ಇನ್ನೊಂದು ತೊಡಕಿದೆ. ಸ್ವಾಬ್‌ನಲ್ಲಿ ಸಂತ್ರಸ್ತೆಯ ಡಿಎನ್‌ಎ ರಾಶಿ ಇರುತ್ತದೆ, ಆರೋಪಿಯದು ಚಿಟಿಕೆಯಷ್ಟು. ಪುರುಷನ ಪಾಲು ತೀರಾ ಕಡಿಮೆ ಎಂದು ಅಳತೆ ಹೇಳಿದರೆ ತಜ್ಞರು ವೈ ಕ್ರೋಮೋಸೋಮಿನ ಪರೀಕ್ಷೆಗೆ ತಿರುಗುತ್ತಾರೆ. ಅದು ಸರಿಯಾದ ದಾರಿಯೇ. ಆದರೆ ವೈ ಕ್ರೋಮೋಸೋಮು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಹಾಗೆಯೇ ಇಳಿದು ಬರುತ್ತದೆ. ಅಣ್ಣ, ತಮ್ಮ, ಅಪ್ಪ, ಚಿಕ್ಕಪ್ಪ ಎಲ್ಲರಿಗೂ ಒಂದೇ ಪ್ರೊಫೈಲ್. ಅಲ್ಲಿ ‘ಹೊಂದಿಕೆಯಾಗಿದೆ’ ಎಂದರೆ ‘ಈ ಮನೆತನದ ಗಂಡಸು ಆಗಿರಬಹುದು’ ಎಂದಷ್ಟೇ ಅರ್ಥ. ಯಾವ ಪರೀಕ್ಷೆ, ಯಾಕೆ ಮಾಡಿದರು ಎಂಬುದು ಅಳತೆಯ ಅಂಕಿ ಕಂಡರೆ ತಾನೇ ತಿಳಿಯುತ್ತದೆ. ಅಂಕಿ ಇಲ್ಲದ ವರದಿ ಓದಿದ ಕೋರ್ಟಿಗೆ ಎರಡೂ ಒಂದೇ ‘ಮ್ಯಾಚ್’.

ಒಂದು ದಶಮಾಂಶ ಅಲ್ಲಾಡಿಸಿದ ರಾಜ್ಯ

ಅಳತೆಯ ಅಂಕಿಯನ್ನು ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಪ್ರಕರಣವೇ ಪಾಠ. ಅಲ್ಲಿನ ಸರ್ಕಾರಿ ಲ್ಯಾಬ್ 2018ರಲ್ಲಿ ಒಂದು ಗೆರೆ ಎಳೆಯಿತು. ಕೊಲೆ, ಅತ್ಯಾಚಾರದಂಥ ಪ್ರಕರಣಗಳ ಸ್ಯಾಂಪಲ್‌ನಲ್ಲಿ ಡಿಎನ್‌ಎ ಪ್ರಮಾಣ ಮೈಕ್ರೋಲೀಟರಿಗೆ 0.001ರಿಂದ 0.0088 ನ್ಯಾನೋಗ್ರಾಂ ನಡುವೆ ಇದ್ದರೆ ಮುಂದಿನ ಪರೀಕ್ಷೆ ನಿಲ್ಲಿಸಿ, ‘ಪರೀಕ್ಷೆಗೆ ಡಿಎನ್‌ಎ ಸಾಲದು’ ಎಂದು ವರದಿ ಕೊಡತೊಡಗಿತು. 15 ಮೈಕ್ರೋಲೀಟರ್ ಬಳಸಿದರೆ 0.0088 ಎಂದರೆ ಸುಮಾರು 20 ಜೀವಕೋಶದ ಡಿಎನ್‌ಎ. ಕಡಿಮೆ ನಿಜ. ಆದರೆ ಸ್ಯಾಂಪಲ್ ಅನ್ನು ಇನ್ನಷ್ಟು ಸಾಂದ್ರಗೊಳಿಸಿ ಮತ್ತೆ ಪರೀಕ್ಷಿಸುವ ದಾರಿ ಇತ್ತು. ಪೊಲೀಸರು ಹಟ ಹಿಡಿದು ಮರುಪರೀಕ್ಷೆ ಮಾಡಿಸಿದಾಗ ಹಲವು ಸ್ಯಾಂಪಲ್‌ಗಳಲ್ಲಿ ಬಳಸಬಹುದಾದ ಪ್ರೊಫೈಲ್ ಸಿಕ್ಕಿತು.

ಪತ್ರಕರ್ತ ಹೆಡ್ಲಿ ಥಾಮಸ್ ಅವರ ಪಾಡ್‌ಕಾಸ್ಟ್ ಸರಣಿ ಮತ್ತು ವಿಧಿವಿಜ್ಞಾನಿ ಕರ್ಸ್ಟಿ ರೈಟ್ ಅವರ ಪರಿಶೀಲನೆಯಿಂದ ವಿಷಯ ಬಯಲಾಯಿತು. 2022ರಲ್ಲಿ ಸರ್ಕಾರ ನಿವೃತ್ತ ನ್ಯಾಯಾಧೀಶ ವಾಲ್ಟರ್ ಸೊಫ್ರೊನಾಫ್ ಅವರ ವಿಚಾರಣಾ ಆಯೋಗ ನೇಮಿಸಿತು. ‘ಡಿಎನ್‌ಎ ಸಾಲದು’ ಎಂದು ಲ್ಯಾಬ್ ಕೋರ್ಟುಗಳಿಗೆ ಕೊಟ್ಟ ಹೇಳಿಕೆಗಳು ನಿಜವಲ್ಲ ಎಂಬ ತೀರ್ಮಾನಕ್ಕೆ ಆಯೋಗ ಬಂತು. ಸಾವಿರಾರು ಸ್ಯಾಂಪಲ್‌ಗಳ ಮರುಪರಿಶೀಲನೆ ಆರಂಭವಾಯಿತು. ಯಂತ್ರದಿಂದ ಡಿಎನ್‌ಎ ಹೊರತೆಗೆಯುವ ಹಳೆಯ ವಿಧಾನವೊಂದು ಕಡಿಮೆ ಇಳುವರಿ ಕೊಡುತ್ತಿತ್ತು ಎಂಬ ಕಾರಣಕ್ಕೆ 2023ರಲ್ಲಿ ಎರಡನೇ ವಿಚಾರಣೆಯೂ ನಡೆಯಿತು.

ಇದಕ್ಕೆ ತದ್ವಿರುದ್ಧವಾದ ತಪ್ಪು ಇಟಲಿಯದು. ಪೆರುಜಾ ನಗರದಲ್ಲಿ 2007ರಲ್ಲಿ ಬ್ರಿಟಿಷ್ ವಿದ್ಯಾರ್ಥಿನಿಯ ಕೊಲೆಯಾಯಿತು. ಅಮಾಂಡಾ ನಾಕ್ಸ್ ವಿರುದ್ಧದ ಮುಖ್ಯ ಸಾಕ್ಷ್ಯ ಒಂದು ಅಡುಗೆ ಚಾಕು. ಅದರ ಅಲಗಿನಿಂದ ತೆಗೆದ ಸ್ಯಾಂಪಲ್‌ಗೆ ಅಳತೆಯ ಯಂತ್ರ ‘ತೀರಾ ಕಡಿಮೆ’ ಎಂಬ ಫಲಿತಾಂಶ ಕೊಟ್ಟಿತ್ತು. ಆದರೂ ಪರೀಕ್ಷೆ ಮುಂದುವರಿಸಿ ಮೃತಳ ಡಿಎನ್‌ಎ ಎಂದು ಹೇಳಲಾಯಿತು. ಮೇಲ್ಮನವಿ ಕೋರ್ಟ್ ನೇಮಿಸಿದ ಸ್ವತಂತ್ರ ತಜ್ಞರು 2011ರಲ್ಲಿ ಆ ಫಲಿತಾಂಶ ನಂಬಲರ್ಹವಲ್ಲ ಎಂದರು. ಹಲವು ತಿರುವುಗಳ ನಂತರ 2015ರಲ್ಲಿ ಇಟಲಿಯ ಪರಮೋಚ್ಚ ಕೋರ್ಟ್ ನಾಕ್ಸ್ ಅವರನ್ನು ಅಂತಿಮವಾಗಿ ಖುಲಾಸೆ ಮಾಡಿತು.

ಒಂದು ಕಡೆ ಕಡಿಮೆ ಎಂದು ಎಸೆದದ್ದು ತಪ್ಪಾಯಿತು, ಇನ್ನೊಂದು ಕಡೆ ಕಡಿಮೆ ಎಂದು ಗೊತ್ತಿದ್ದೂ ಬಳಸಿದ್ದು ತಪ್ಪಾಯಿತು. ಅಳತೆಯ ಅಂಕಿ ಆರೋಪಿಯ ಪರವೂ ಅಲ್ಲ, ಸಂತ್ರಸ್ತರ ಪರವೂ ಅಲ್ಲ. ಅದು ಬಹಿರಂಗವಾಗಿದ್ದರೆ ಮಾತ್ರ ಇಬ್ಬರಿಗೂ ರಕ್ಷಣೆ.

ಬಿಸಿಲು, ತೇವ ಮತ್ತು ಮಾಲ್‌ಖಾನೆ

ಭಾರತದಲ್ಲಿ ಈ ಮಾತಿಗೆ ಇನ್ನೂ ಹೆಚ್ಚಿನ ತೂಕವಿದೆ. ಡಿಎನ್‌ಎಗೆ ಶತ್ರುಗಳೆಂದರೆ ಶಾಖ, ತೇವಾಂಶ, ಬಿಸಿಲು ಮತ್ತು ಬ್ಯಾಕ್ಟೀರಿಯಾ. ಚೆನ್ನೈನ ಮೇ ತಿಂಗಳು, ಮುಂಬೈನ ಜುಲೈ, ಕರಾವಳಿಯ ಮಳೆಗಾಲ ಈ ಎಲ್ಲವನ್ನೂ ಒಟ್ಟಿಗೆ ಒದಗಿಸುತ್ತವೆ. ರಕ್ತಸಿಕ್ತ ಬಟ್ಟೆಯನ್ನು ನೆರಳಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿಡಬೇಕು. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಸ್ಟು ಹಿಡಿದು ಸಾಕ್ಷ್ಯ ಒಳಗೇ ಕೊಳೆಯುತ್ತದೆ. ಹೊರಗಿನಿಂದ ಸೀಲ್ ಭದ್ರವಾಗಿಯೇ ಕಾಣುತ್ತದೆ.

ಹಾಳಾದ ಡಿಎನ್‌ಎ ಎಂಥ ಸಂಕಟ ತರುತ್ತದೆ ಎಂಬುದು ಕನ್ನಡಿಗರಿಗೆ ಹೊಸದಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನ ದುರಂತದಲ್ಲಿ 158 ಮಂದಿ ಸತ್ತಾಗ, ಸುಟ್ಟು ಗುರುತು ಸಿಗದ ದೇಹಗಳ ಡಿಎನ್‌ಎ ಪರೀಕ್ಷೆ ಹೈದರಾಬಾದಿನ ಸಿಡಿಎಫ್‌ಡಿ ಕೇಂದ್ರದಲ್ಲಿ ನಡೆಯಿತು. ಕೊನೆಗೂ ಗುರುತು ಸಿಗದ ದೇಹಗಳನ್ನು ಕೂಳೂರಿನ ಬಳಿ ಒಟ್ಟಿಗೆ ಹೂಳಬೇಕಾಯಿತು. 2025ರ ಜೂನ್ 12ರ ಅಹಮದಾಬಾದ್ ದುರಂತದಲ್ಲಿ 260 ಮಂದಿ ಸತ್ತಾಗಲೂ ಬಹುತೇಕರ ಗುರುತು ಡಿಎನ್‌ಎಯಿಂದಲೇ ಆಗಬೇಕಾಯಿತು. ಶಾಖಕ್ಕೆ ಮಾಂಸಖಂಡದ ಡಿಎನ್‌ಎ ಬೇಗ ಚೂರಾಗುತ್ತದೆ. ಹಲ್ಲು ಮತ್ತು ಗಟ್ಟಿ ಮೂಳೆಯೊಳಗಿನದು ಹೆಚ್ಚು ಕಾಲ ಉಳಿಯುತ್ತದೆ. ಯಾವುದನ್ನು ಬಳಸಬೇಕು, ಎಷ್ಟು ನಂಬಬೇಕು ಎಂದು ತೀರ್ಮಾನಿಸಲು ಅಲ್ಲಿಯೂ ದಾರಿ ತೋರುವುದು ಅಳತೆಯೇ.

48 ಗಂಟೆಯ ನಿಯಮ ಠಾಣೆಯ ವಿಳಂಬಕ್ಕೆ ಕಡಿವಾಣ ಹಾಕಬಹುದು. ಆದರೆ ಲ್ಯಾಬಿಗೆ ತಲುಪಿದ ಸ್ಯಾಂಪಲ್ ಅಲ್ಲಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಸರದಿ ಕಾದರೆ ಆ ಓಟದಿಂದ ಏನು ಬಂತು? ಸ್ಯಾಂಪಲ್ ಬಂದ ದಿನ, ಫ್ರೀಜರ್‌ಗೆ ಹೋದ ದಿನ, ಅಳತೆಯಾದ ದಿನ ಮೂರೂ ವರದಿಯಲ್ಲಿದ್ದರೆ ವಿಳಂಬ ಎಲ್ಲಿ ಆಯಿತು ಎಂಬುದು ಸ್ಪಷ್ಟವಾಗುತ್ತದೆ.

ಕಾನೂನಿನಲ್ಲಿ ಉಳಿದ ತೂತು

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗುವುದನ್ನು ಕಡ್ಡಾಯ ಮಾಡಿದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ ಇದೆ. ಕರ್ನಾಟಕ ಪೊಲೀಸ್ ಇಲಾಖೆ ಇದಕ್ಕೆಂದೇ ‘ಸೋಕೊ’ ಅಧಿಕಾರಿಗಳನ್ನು ನೇಮಿಸಿಕೊಂಡಿದೆ. ಕೇಂದ್ರ ಸಂಪುಟ 2024ರ ಜೂನ್‌ನಲ್ಲಿ ವಿಧಿವಿಜ್ಞಾನ ಮೂಲಸೌಕರ್ಯಕ್ಕಾಗಿ 2,254.43 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ಅಂದರೆ ಲ್ಯಾಬಿಗೆ ಬರುವ ಸ್ಯಾಂಪಲ್‌ಗಳ ಸಂಖ್ಯೆ ಏರಲಿದೆ, ಹಣವೂ ಬರಲಿದೆ. ಗುಣಮಟ್ಟದ ಕಾನೂನು ಮಾತ್ರ ಬಂದಿಲ್ಲ.

ಡಿಎನ್‌ಎ ಲ್ಯಾಬ್‌ಗಳಿಗೆ ಮಾನ್ಯತೆ ಕಡ್ಡಾಯಗೊಳಿಸಿ, ಮೇಲ್ವಿಚಾರಣೆಗೆ ಮಂಡಳಿ ರಚಿಸಬೇಕೆಂದಿದ್ದ ಡಿಎನ್‌ಎ ತಂತ್ರಜ್ಞಾನ ನಿಯಂತ್ರಣ ಮಸೂದೆಯನ್ನು 2019ರಲ್ಲಿ ಲೋಕಸಭೆಯಲ್ಲಿ ಮಂಡಿಸಲಾಗಿತ್ತು. ಸ್ಥಾಯಿ ಸಮಿತಿ 2021ರಲ್ಲಿ ವರದಿ ಕೊಟ್ಟಿತು. ಖಾಸಗಿತನ ಮತ್ತು ದತ್ತಾಂಶ ಸಂಗ್ರಹದ ಬಗ್ಗೆ ಎದ್ದ ಆಕ್ಷೇಪಗಳ ನಡುವೆ ಸರ್ಕಾರ 2023ರ ಜುಲೈನಲ್ಲಿ ಮಸೂದೆಯನ್ನೇ ವಾಪಸ್ ಪಡೆಯಿತು. ಆಕ್ಷೇಪಗಳಲ್ಲಿ ಹುರುಳಿತ್ತು. ಆದರೆ ಮಸೂದೆಯ ಜೊತೆಗೆ ಲ್ಯಾಬ್ ಗುಣಮಟ್ಟದ ಭಾಗವೂ ಕೊಚ್ಚಿಹೋಯಿತು.

ಇನ್ನೊಂದು ಸಮಸ್ಯೆ ಸಾಕ್ಷಿಕಟ್ಟೆಯದು. ಸಂಹಿತೆಯ 329ನೇ ಕಲಂ ಪ್ರಕಾರ ಸರ್ಕಾರಿ ವೈಜ್ಞಾನಿಕ ತಜ್ಞರ ವರದಿಯನ್ನು, ತಜ್ಞರನ್ನು ಕರೆಸದೆಯೂ ಸಾಕ್ಷ್ಯವಾಗಿ ಬಳಸಬಹುದು. ಬೇಕೆನಿಸಿದರೆ ಕೋರ್ಟ್ ಕರೆಸಬಹುದು. ತೀರ್ಮಾನದ ಸಾಲನ್ನಷ್ಟೇ ಹೇಳುವ ಎರಡು ಪುಟದ ವರದಿ ಮುಂದಿದ್ದಾಗ, ಏನು ಕೇಳಬೇಕೆಂಬುದೇ ಬಡ ಆರೋಪಿಯ ಕಾನೂನು ನೆರವು ವಕೀಲರಿಗೆ ಹೊಳೆಯುವುದಿಲ್ಲ. ಸಂತ್ರಸ್ತೆಯ ಕುಟುಂಬಕ್ಕೂ ‘ಡಿಎನ್‌ಎ ಸಿಕ್ಕಿಲ್ಲ’ ಎಂಬುದನ್ನು ಪ್ರಶ್ನಿಸುವ ದಾರಿ ಕಾಣುವುದಿಲ್ಲ.

ಅಮೆರಿಕದಲ್ಲಿ ಎಫ್‌ಬಿಐ ಹೊರಡಿಸಿರುವ ಗುಣಮಟ್ಟ ಮಾನದಂಡಗಳು ಅಪರಾಧ ಸ್ಯಾಂಪಲ್‌ನಲ್ಲಿ ಮನುಷ್ಯನ ಡಿಎನ್‌ಎ ಎಷ್ಟಿದೆ ಎಂಬ ಅಳತೆಗೆ ನಿಯಮ ರೂಪಿಸಿವೆ. ಭಾರತದಲ್ಲಿ ಮಾನ್ಯತೆ ಪಡೆದ ಲ್ಯಾಬ್‌ಗಳು ಅಳತೆ ಮಾಡುವುದಿಲ್ಲ ಎಂದಲ್ಲ. ತಂತ್ರಜ್ಞಾನ ಇದೆ, ನುರಿತ ವಿಜ್ಞಾನಿಗಳಿದ್ದಾರೆ. ಲಾಲ್‌ಜಿ ಸಿಂಗ್ ಅವರಂಥ ವಿಜ್ಞಾನಿ ಹೈದರಾಬಾದಿನಲ್ಲಿ ದೇಶೀ ಡಿಎನ್‌ಎ ಬೆರಳಚ್ಚು ತಂತ್ರಕ್ಕೆ ಅಡಿಪಾಯ ಹಾಕಿ ಮೂರು ದಶಕ ಕಳೆದಿದೆ. ಅಳತೆಯ ಅಂಕಿ ಲ್ಯಾಬಿನ ಕಡತದಲ್ಲೇ ಉಳಿದು ಕೋರ್ಟಿನ ಮೇಜಿಗೆ ಬರಬೇಕಾದ ಕಡ್ಡಾಯ ಇಲ್ಲದಿರುವುದು ಕೊರತೆ.

ಆಕ್ಷೇಪ ಮತ್ತು ಉತ್ತರ

ಅಂಕಿಗಳನ್ನು ಬಹಿರಂಗಪಡಿಸಿದರೆ ಆರೋಪಿ ಪರ ವಕೀಲರು ‘ಕಡಿಮೆ ಡಿಎನ್‌ಎ’ ಎಂಬುದನ್ನೇ ಹಿಡಿದು ಎಳೆದಾಡುತ್ತಾರೆ ಎಂಬ ಆತಂಕ ಸಹಜ. ಪ್ರಮಾಣ ಕಡಿಮೆ ಇದ್ದ ಮಾತ್ರಕ್ಕೆ ಪ್ರೊಫೈಲ್ ತಪ್ಪಾಗಬೇಕಿಲ್ಲ. ಇಂದಿನ ಕಿಟ್‌ಗಳು 0.1 ನ್ಯಾನೋಗ್ರಾಂನಿಂದಲೂ ಒಳ್ಳೆಯ ಫಲಿತಾಂಶ ಕೊಡಬಲ್ಲವು. ಆದರೆ ಉತ್ತರ ಅಂಕಿ ಬಚ್ಚಿಡುವುದರಲ್ಲಿಲ್ಲ. ಎರಡು ಬಾರಿ ಪರೀಕ್ಷಿಸಿದೆವು, ಎರಡೂ ಬಾರಿ ಒಂದೇ ಉತ್ತರ ಬಂತು, ಖಾಲಿ ನಿಯಂತ್ರಣ ಸ್ಯಾಂಪಲ್ ಶುದ್ಧವಾಗಿತ್ತು ಎಂದು ತೋರಿಸಿದರೆ ಕಡಿಮೆ ಪ್ರಮಾಣದ ಸಾಕ್ಷ್ಯವೂ ಗಟ್ಟಿಯಾಗಿ ನಿಲ್ಲುತ್ತದೆ. ಛಾವ್ಲಾ ಪ್ರಕರಣ ಬಿದ್ದದ್ದು ಹೆಚ್ಚು ಮಾಹಿತಿ ಕೊಟ್ಟಿದ್ದರಿಂದ ಅಲ್ಲ, ಆಧಾರವನ್ನು ಯಾರೂ ಕೇಳದೆ ಹೋಗಿದ್ದರಿಂದ.

ಹೊಸ ಕಾನೂನಿಗೆ ಕಾಯದೆಯೂ ವಿಚಾರಣಾ ಕೋರ್ಟುಗಳು ಪ್ರತಿ ಡಿಎನ್‌ಎ ವರದಿಗೆ ಐದು ಪ್ರಶ್ನೆ ಕೇಳಬಹುದು. ಮನುಷ್ಯನ ಡಿಎನ್‌ಎ ಎಷ್ಟು ಸಿಕ್ಕಿತು, ಯಾವ ವಿಧಾನದಿಂದ ಅಳೆದಿರಿ? ಎಷ್ಟು ಚೂರಾಗಿತ್ತು? ಪುರುಷನ ಪಾಲು ಎಷ್ಟು? ಖಾಲಿ ನಿಯಂತ್ರಣ ಸ್ಯಾಂಪಲ್‌ನಲ್ಲಿ ಏನಾದರೂ ಕಂಡಿತೇ? ಮರುಪರೀಕ್ಷೆಗೆ ಎಷ್ಟು ಉಳಿಸಿದ್ದೀರಿ? ಕೊನೆಯ ಪ್ರಶ್ನೆ ಸಣ್ಣದಲ್ಲ. ಸ್ಯಾಂಪಲ್ ಪೂರ್ತಿ ಖರ್ಚಾದರೆ ಮೇಲ್ಮನವಿಯಲ್ಲಿ ಸತ್ಯ ಮತ್ತೆ ಪರೀಕ್ಷಿಸುವ ಬಾಗಿಲೇ ಮುಚ್ಚುತ್ತದೆ. ಅಳತೆ ಮಾಡಿದ ಲ್ಯಾಬಿಗೆ ಈ ಐದಕ್ಕೂ ಉತ್ತರ ಒಂದೇ ಪುಟದಲ್ಲಿ ಸಿದ್ಧವಿರುತ್ತದೆ. ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿದ ರಿಜಿಸ್ಟರ್‌ಗೆ ಆ ಒಂದು ಪುಟ ಸೇರಿಸುವುದು ಕಷ್ಟದ ಮಾತಲ್ಲ.

ಛಾವ್ಲಾ, ಠಾಣೆ, ಥೇಣಿ ಮೂರೂ ಕಡೆ ಕೊನೆಗೆ ಉಳಿದದ್ದು ಒಂದೇ ಚಿತ್ರ. ಬಿಡುಗಡೆಯಾದವರು ವರ್ಷಗಟ್ಟಲೆ ಗಲ್ಲಿನ ನೆರಳಲ್ಲಿ ಕಳೆದಿದ್ದರು. ಅವರು ನಿರಪರಾಧಿಗಳಾಗಿದ್ದರೆ ಆ ವರ್ಷಗಳನ್ನು ಯಾರೂ ಹಿಂದಿರುಗಿಸಲಾರರು. ಅಪರಾಧಿಗಳಾಗಿದ್ದರೆ ಮಕ್ಕಳನ್ನು ಕಳೆದುಕೊಂಡ ಮನೆಗಳಿಗೆ ನ್ಯಾಯ ಸಿಗಲಿಲ್ಲ. ಎರಡರಲ್ಲಿ ಯಾವುದು ನಿಜ ಎಂಬುದನ್ನು ಹೇಳಬಲ್ಲ ಸಾಕ್ಷ್ಯ ಒಂದು ಕಾಲಕ್ಕೆ ಕೈಯಲ್ಲೇ ಇತ್ತು, ಹತ್ತಿಯ ತುದಿಯಲ್ಲಿ, ಬಟ್ಟೆಯ ಕಲೆಯಲ್ಲಿ. ಅದನ್ನು ಹೊತ್ತಿಗೆ ಸರಿಯಾಗಿ ಕಾಪಾಡಿ, ಅಳೆದು, ಅಂಕಿಯನ್ನು ಎಲ್ಲರ ಮುಂದೆ ಇಟ್ಟಿದ್ದರೆ ಆ ಮನೆಗಳಿಗೆ ಒಂದು ಉತ್ತರವಾದರೂ ಸಿಗುತ್ತಿತ್ತು.